ಭುಜದ ಹಲಗೆಗಳ ನಡುವಿನ ನೋವು

ಕಳೆದ ಜುಲೈ ತಿಂಗಳ ಒಂದು ಬೆಳಿಗ್ಗೆ, ಹಿಂದಕ್ಕೆ ಹಾರಿ ಬಂದ ಶಟಲನ್ನು ಮೈ ಬಾಗಿಸಿ ಹೊಡೆಯುವಾಗ, ಬಲ ಭುಜದ ಹಲಗೆಮೂಳೆಯ ಒಳ ಅಂಚಿನಲ್ಲಿ ಏನೋ ಕಚ್ಚಿ ಹಿಡಿದಂತಾಯಿತು. ಮನೆ ತಲಪುವಷ್ಟರಲ್ಲಿ ಉದ್ದಕ್ಕೆ ಉಸಿರೆಳೆದರೂ ಅಲ್ಲಿ ಚುಚ್ಚುತ್ತಿತ್ತು. ಅಮ್ಮ ಇದನ್ನು ವಾಯು ಎಂದು ತೀರ್ಮಾನಿಸಿ ಬಿಸಿ ಎಣ್ಣೆ ಹಚ್ಚಿದರು. ಮರುದಿನ ಜತೆಗೆ ಆಡುವ ಗೆಳೆಯರೊಬ್ಬರು ಬೆನ್ನಿಗೆ ಕೈಯೂರಿ ಲಟಿಕೆ ತೆಗೆದರು. ಲಟ್ಟೆಂದ ಸದ್ದಿಗೆ ಹಾಯೆನಿಸಿದ್ದು ನಿಜ, ಆದರೆ ಆ ಸುಖ ಮಧ್ಯಾಹ್ನದ ಊಟದವರೆಗೂ ಉಳಿಯಲಿಲ್ಲ. ಆ ಸದ್ದು ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾಗುವುದಕ್ಕೆ ಸಂಬಂಧಿಸಿದ್ದೇ ಹೊರತು, ಜಾರಿದ ಮೂಳೆ ಸ್ವಸ್ಥಾನಕ್ಕೆ ಬಂದುದರ ಗುರುತಲ್ಲವೆಂದು ಆಮೇಲೆ ತಿಳಿಯಿತು.

ಕತ್ತಿನ 7 ಮಣಿಗಳಿಗೂ ಸೊಂಟದ 5 ಮಣಿಗಳಿಗೂ ನಡುವೆ ಇರುವ 12 ಮಣಿಗಳ ಭಾಗವೇ ನಡುಬೆನ್ನು. ಇಲ್ಲಿನ ಪ್ರತಿ ಮಣಿಗೂ ಎರಡು ಬದಿಯಿಂದ ಪಕ್ಕೆಲುಬುಗಳು ಬಂದು ಕೂಡಿಕೊಂಡಿರುವುದರಿಂದ ಈ ಭಾಗ ಗಟ್ಟಿಯಾಗಿರುತ್ತದೆ, ಸೊಂಟದಲ್ಲಿ ಆಗುವಂತೆ ಡಿಸ್ಕ್ ಜಾರಿ ನರವನ್ನು ಒತ್ತುವುದು ಇಲ್ಲಿ ಅಪರೂಪ. ಆದರೆ ಉಸಿರಿನ ಪ್ರತಿ ಏರಿಳಿತಕ್ಕೂ ಈ ಕೀಲುಗಳು ಅಲುಗಬೇಕಾದ್ದರಿಂದ, ಒಂದು ಕೀಲು ಕೆರಳಿದರೂ ಉಸಿರು, ಕೆಮ್ಮು, ಸೀನು ಎಲ್ಲವೂ ನೋಯುತ್ತವೆ. ಮುಂಡವನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ಕೆಲಸದ ದೊಡ್ಡ ಪಾಲು ಈ ಭಾಗದ್ದೇ. ಸೊಂಟದ ಕೀಲುಗಳು ಬಾಗುವುದಕ್ಕೆ ಒದಗುವಷ್ಟು ತಿರುಗುವುದಕ್ಕೆ ಒದಗುವುದಿಲ್ಲ. ಸ್ಮ್ಯಾಷ್ ಹೊಡೆಯುವವರೂ ಬೌಲಿಂಗ್ ಮಾಡುವವರೂ ಈಜುವವರೂ ನಡುಬೆನ್ನನ್ನು ಹಿಡಿದುಕೊಳ್ಳುವುದು ಇದೇ ಕಾರಣಕ್ಕೆ.

ಹತ್ತು ದಿನ ಸುಮ್ಮನೆ ಕಾದ ಮೇಲೆ ನಾನು ಉಡುಪಿಯ ಒಬ್ಬ ಫಿಸಿಯೋಥೆರಪಿಸ್ಟರ ಬಳಿಗೆ ಹೋದೆ. ಅವರು ನೋವಿರುವ ಜಾಗವನ್ನು ಒತ್ತಿ ನೋಡಿದ್ದು ಕೊನೆಗೆ. ಮೊದಲು ಸ್ಟೂಲಿನ ಮೇಲೆ ಕೂರಿಸಿ, ಮೊಣಕಾಲುಗಳ ನಡುವೆ ಒಂದು ದಿಂಬು ಒತ್ತಿ ಹಿಡಿಯಲು ಹೇಳಿ, ಕೈಗಳನ್ನು ಎದೆಯ ಮೇಲೆ ಕಟ್ಟಿಸಿ ತಿರುಗಲು ಹೇಳಿದರು. ಎಡಕ್ಕೆ ತಿರುಗಿದಾಗ ಹಿಂದಿನ ಕಿಟಕಿಯ ಸರಳುಗಳು ಕಂಡವು. ಬಲಕ್ಕೆ ತಿರುಗಿದಾಗ ಪಕ್ಕದ ಗೋಡೆಯ ಕ್ಯಾಲೆಂಡರಿಗೇ ನಿಂತುಬಿಟ್ಟೆ. ತಿರುಗಬೇಕಾದ ಜಾಗ ತಿರುಗದಿದ್ದಾಗ ಆ ಕೊರತೆಯನ್ನು ಭುಜ ತುಂಬಿಕೊಡುತ್ತದೆ, ಹಲಗೆಮೂಳೆಯನ್ನು ಹಿಡಿದಿರುವ ಸ್ನಾಯುಗಳು ಅಳತೆ ಮೀರಿ ದುಡಿಯುತ್ತವೆ, ಕೂಗುವುದೂ ಅವೇ ಎಂದು ಅವರು ವಿವರಿಸಿದರು.

ಹಾಗಾದರೆ ನೋವು ಜುಲೈಯಲ್ಲೇ ಏಕೆ ಬಂತು? ಬೇಸಗೆಯಲ್ಲಿ ನಾನು ಮಲ್ಪೆ ಕಡಲ ತೀರದಲ್ಲಿ ಓಡುತ್ತೇನೆ, ವಾರಕ್ಕೆ ಎರಡು ದಿನ ಮಾತ್ರ ಬ್ಯಾಡ್ಮಿಂಟನ್. ಜೂನಿನಲ್ಲಿ ಮಳೆ ಹಿಡಿದ ಮೇಲೆ ಓಟ ನಿಂತು, ಆ ಎರಡು ದಿನ ಒಮ್ಮೆಗೇ ಐದಾದವು. ಉಳಿದ ಹೊತ್ತೆಲ್ಲ ಲ್ಯಾಪ್‌ಟಾಪಿನ ಮುಂದೆ ಬೆನ್ನು ಕವುಚಿ ಕುಳಿತಿರುವುದೇ. ಬೆಳಿಗ್ಗೆ ಒಂದು ಗಂಟೆ ಬೆವರಿದ ಮಾತ್ರಕ್ಕೆ ಒಂಬತ್ತು ಗಂಟೆ ಕೂತದ್ದು ಮಾಫಿಯಾಗುತ್ತದೆಂಬ ನಂಬಿಕೆ ನಮ್ಮಂಥ ಆಟದ ಹುಚ್ಚಿನವರಲ್ಲಿ ಬಲವಾಗಿದೆ, ನನ್ನಲ್ಲೂ ಇತ್ತು.

ನಡುಬೆನ್ನಿನ ನೋವೆಲ್ಲ ಸ್ನಾಯುವಿನದೆಂದು ಹೇಳಲು ಬರುವುದಿಲ್ಲ. ಎದೆ ಬಿಗಿತ, ಬೆವರು, ಏದುಸಿರು ಜತೆಗಿದ್ದರೆ ಅದು ಹೃದಯದ್ದಿರಬಹುದು, ಆಗ ಎಣ್ಣೆ ಬಿಸಿಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಊಟವಾದ ಮೇಲೆ ಬಲ ಹಲಗೆಮೂಳೆಯ ಕೆಳಗೆ ಬರುವ ನೋವು ಪಿತ್ತಕೋಶದ್ದಾಗಿರಬಹುದು. ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು, ಇವು ಬೆನ್ನುಮೂಳೆಯ ಕ್ಷಯದ ಕಡೆಗೂ ಬೆರಳು ತೋರುತ್ತವೆ. ಕ್ಷಯ ಇಷ್ಟೊಂದಿರುವ ನಮ್ಮ ದೇಶದಲ್ಲಿ ಅದನ್ನು ಮರೆಯುವಂತಿಲ್ಲ. ಕಾಲು ಜೋಮು ಹಿಡಿದರೆ, ನಡಿಗೆ ತಪ್ಪಿದರೆ, ಮೂತ್ರದ ಹಿಡಿತ ಹೋದರೆ ಅದೇ ದಿನ ವೈದ್ಯರನ್ನು ಕಾಣಬೇಕು. ನಮ್ಮ ಬಂಧುವೊಬ್ಬರು ಬೆನ್ನಿನಿಂದ ಪಕ್ಕೆಯವರೆಗೆ ಪಟ್ಟಿಯಂತೆ ಉರಿಯುತ್ತಿದ್ದ ನೋವಿಗೆ ಮೂರು ದಿನ ಮುಲಾಮು ತಿಕ್ಕಿಸಿಕೊಂಡರು, ನಾಲ್ಕನೆಯ ದಿನ ಗುಳ್ಳೆಗಳೆದ್ದವು: ಸರ್ಪಸುತ್ತು. ಅದರ ಔಷಧ ಗುಳ್ಳೆ ಕಂಡ 72 ಗಂಟೆಗಳೊಳಗೆ ಶುರುವಾದರೆ ಒಳ್ಳೆಯದು.

ನನಗೆ ಇವು ಯಾವುವೂ ಇರಲಿಲ್ಲವಾದ್ದರಿಂದ ಎಕ್ಸ್‌ರೇ ಬೇಕಾಗಲಿಲ್ಲ. ಹಾಸಿಗೆ ಹಿಡಿಯುವುದು ಬೇಡ, ಸ್ಮ್ಯಾಷ್ ಮಾತ್ರ ಮೂರು ವಾರ ಬಿಡಿ ಎಂದರು, ನಡಿಗೆಗೆ ಅಡ್ಡಿಯಿರಲಿಲ್ಲ. ಬಿಸಿ ನೀರಿನ ಶಾಖ ಹಿತ ಕೊಟ್ಟಿತು. ನೋವಿನ ಮಾತ್ರೆಯನ್ನು ಎರಡೇ ದಿನ, ಊಟದ ನಂತರ ತೆಗೆದುಕೊಂಡೆ; ರಕ್ತದೊತ್ತಡವೋ ಮೂತ್ರಪಿಂಡದ ತೊಂದರೆಯೋ ಇರುವವರು ವೈದ್ಯರನ್ನು ಕೇಳದೆ ಅದನ್ನೂ ನುಂಗಬಾರದು.

ವ್ಯಾಯಾಮಕ್ಕೆ ಬೇಕಾದದ್ದು ಎರಡು ಬೈರಾಸು. ಅವನ್ನು ಬಿಗಿಯಾಗಿ ಸುತ್ತಿ, ಹಲಗೆಮೂಳೆಗಳ ಕೆಳತುದಿಯ ಮಟ್ಟದಲ್ಲಿ ಅಡ್ಡಲಾಗಿ ಇಟ್ಟು, ಮಂಡಿ ಮಡಚಿ ಅಂಗಾತ ಮಲಗಿ, ತಲೆಯ ಹಿಂದೆ ಕೈ ಕೊಟ್ಟು ನಿಧಾನ ಉಸಿರು ಬಿಡುತ್ತ ಹಿಂದಕ್ಕೆ ಬಾಗಬೇಕು. ಸೊಂಟ ನೆಲದಿಂದ ಎದ್ದರೆ ಲೆಕ್ಕಕ್ಕಿಲ್ಲ. ಆಮೇಲೆ ಅಂಬೆಗಾಲಿನಲ್ಲಿ ನಿಂತು, ಒಂದು ಕೈಯನ್ನು ಕತ್ತಿನ ಹಿಂದೆ ಇಟ್ಟು, ಮೊಣಕೈಯನ್ನು ಸೂರಿನತ್ತ ತಿರುಗಿಸುವುದು. ಎರಡನೆಯ ವಾರದಿಂದ ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ಹುಟ್ಟು ಹಾಕುವಂತೆ ಹಿಂದಕ್ಕೆ ಎಳೆಯುವುದೂ ಸೇರಿತು. ನೀವಿಸಿಕೊಂಡದ್ದಕ್ಕಿಂತ ಈ ಎಳೆತದಿಂದಲೇ ನನಗೆ ಹೆಚ್ಚು ಗುಣ ಕಂಡಿತು; ಸಡಿಲವಾದ ಬೆನ್ನಿಗೆ ಬಲ ಬಾರದಿದ್ದರೆ ಅದು ಮತ್ತೆ ಬಿಗಿಯುತ್ತದೆಂದು ಈಗ ನನ್ನ ಅಂದಾಜು.

ಆರನೆಯ ವಾರ ಮತ್ತೆ ಅದೇ ಸ್ಟೂಲಿನ ಮೇಲೆ ಕುಳಿತು ಬಲಕ್ಕೆ ತಿರುಗಿದೆ. ಕ್ಯಾಲೆಂಡರ್ ದಾಟಿತು, ಕಿಟಕಿಯ ಚೌಕಟ್ಟು ಕಂಡಿತು, ಸರಳುಗಳು ಕಾಣಲಿಲ್ಲ. ಇಷ್ಟು ಸಾಕು, ವಾರಕ್ಕೆ ಮೂರು ದಿನ ಆಡಿ ಎಂದರು.