ಫ್ಲ್ಯಾಟ್ ಮಾರುವ ಮುಂಚೆ ಬಿಲ್ಡರ್ ಕೈಯಲ್ಲಿ ಜುಟ್ಟು

ದುಬೈನ ಜುಮೇರಾ ವಿಲೇಜ್ ಸರ್ಕಲ್‌ನಲ್ಲಿರುವ ನಮ್ಮ ಫ್ಲ್ಯಾಟ್‌ಗೆ ಗಿರಾಕಿ ಸಿಕ್ಕ ದಿನವೇ ಮಂಗಳೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿಬಿಟ್ಟೆ. ಆತುರ ಜಾಸ್ತಿ ಆಯ್ತು.

ಇಲ್ಲಿ ಬಿಲ್ಡರ್ ಎನ್‌ಒಸಿ, ಅಂದರೆ ಮಾರಲು ತಮ್ಮ ಅಭ್ಯಂತರವಿಲ್ಲ ಎಂಬ ಪತ್ರ, ಕೊಡದೆ ಫ್ಲ್ಯಾಟ್ ಕೊಳ್ಳುವವರ ಹೆಸರಿಗೆ ಬದಲಾಗುವುದಿಲ್ಲ. ಸರ್ವಿಸ್ ಚಾರ್ಜ್, ಅಂದರೆ ಕಟ್ಟಡದ ನಿರ್ವಹಣೆಯ ಹಣ, ಪೂರ್ತಿ ಕಟ್ಟದೆ ಅವರು ಎನ್‌ಒಸಿ ಕೊಡುವುದಿಲ್ಲ. ನಮ್ಮದು ಎರಡು ಕಂತು ಬಾಕಿ, 6,400 ದಿರ್ಹಮ್! ಬಿಲ್ಲುಗಳೆಲ್ಲ ನಾನು ಬಿಟ್ಟುಬಿಟ್ಟಿದ್ದ ಹಳೆಯ ಇಮೇಲ್‌ಗೆ ಹೋಗಿದ್ದವು. ತಪ್ಪು ನನ್ನದೇ, ಆದರೂ ಒಂದು ಫೋನ್ ಮಾಡಬಹುದಿತ್ತು ಅಲ್ವಾ?

ಕಟ್ಟಿದೆ. ಎನ್‌ಒಸಿ ಫೀಸು ಬೇರೆ. ಕಾಗದ ಕೈಗೆ ಬರಲು ಐದು ದಿನ ಹಿಡಿಯಿತು. ಅಷ್ಟೂ ದಿನ ಕೊಳ್ಳುವವರು ಮನಸ್ಸು ಬದಲಿಸಿದರೆ ಎಂದು ನಿದ್ದೆಯಿಲ್ಲ.

ಆಮೇಲೆ ಹೆಸರು ಬದಲಾವಣೆ ನೋಂದಾಯಿಸುವ ಟ್ರಸ್ಟೀ ಆಫೀಸಿನಲ್ಲಿ ಅರ್ಧ ಗಂಟೆಯ ಕೆಲಸ. ಲ್ಯಾಂಡ್ ಡಿಪಾರ್ಟ್‌ಮೆಂಟಿನ 4% ಶುಲ್ಕವನ್ನು ಕೊಂಡವರೇ ಕಟ್ಟಿದರು. ಚೆಕ್ ಜೇಬಿಗಿಟ್ಟು ಹೊರಗೆ ಬಂದು, ಮೊದಲು ಒಂದು ಚಹಾ ಕುಡಿದೆ.