ಪೋರ್ಟ್ರೀಯ ಸೀಮೆಮನೆ

“ಪೆನ್ಸಿಲ್ ಚಿಕ್ಕಮ್ಮ, ಬರೀ ಪೆನ್ಸಿಲ್! ಬೆರಳಿಗೆ ಶಾಯಿನೂ ಹಚ್ಚಲ್ಲ.”

ಎಡಿನ್‌ಬರೊ ನಗರದ ಲೀತ್ ಬಡಾವಣೆಯ ಚರ್ಚೊಂದರ ಸಭಾಂಗಣದಿಂದ ಹೊರಬಂದ ಅಕ್ಕನ ಮಗಳು ಎಡಗೈ ತೋರುಬೆರಳನ್ನು ನನ್ನ ಕಣ್ಣ ಮುಂದೆ ಹಿಡಿದಳು. 2022ರ ಮೇ 5, ಗುರುವಾರ. ಸ್ಕಾಟ್ಲೆಂಡಿನ 32 ಕೌನ್ಸಿಲ್‌ಗಳಿಗೂ, ಅಂದರೆ ಸ್ಥಳೀಯ ಆಡಳಿತ ಸಂಸ್ಥೆಗಳಿಗೂ, ಅಂದು ಒಟ್ಟಿಗೆ ಚುನಾವಣೆ. ರಜೆಯಿಲ್ಲ. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಮತಗಟ್ಟೆ ತೆರೆದಿರುತ್ತದೆ, ಕೆಲಸ ಮುಗಿಸಿಕೊಂಡು ಹೋದರಾಯಿತು. ಗುರುತಿನ ಚೀಟಿ ಕೇಳಲಿಲ್ಲವಂತೆ. ಹೆಸರು, ವಿಳಾಸ ಹೇಳಿದಳು, ಪಟ್ಟಿಯಲ್ಲಿ ಗೆರೆ ಎಳೆದು ಮತಪತ್ರ ಕೊಟ್ಟರು, ಅಷ್ಟೆ. ಗೇಟಿನ ಹೊರಗೆ ನಿಂತಿದ್ದ ನನ್ನ ಪಕ್ಕದಲ್ಲಿ ಕಂಬಿಗೆ ಕಟ್ಟಿದ ನಾಯಿಯೊಂದು ಒಡತಿ ಮತ ಹಾಕಿ ಬರುವುದನ್ನೇ ಕಾಯುತ್ತಿತ್ತು. ಪೊಲೀಸರಿಲ್ಲ, ಹಗ್ಗ ಕಟ್ಟಿದ ಸಾಲಿಲ್ಲ. ಎದೆಗೆ ಬಣ್ಣದ ರಿಬ್ಬನ್ ಹೂವು ಚುಚ್ಚಿಕೊಂಡ ಇಬ್ಬರು ಪಕ್ಷದವರು ಒಬ್ಬರ ಫ್ಲಾಸ್ಕಿನ ಚಹಾವನ್ನು ಇನ್ನೊಬ್ಬರಿಗೆ ಬಗ್ಗಿಸಿಕೊಡುತ್ತಿದ್ದರು.

ಅಕ್ಕನ ಮಗಳ ಪಾಸ್‌ಪೋರ್ಟ್ ಇನ್ನೂ ಭಾರತದ್ದೇ. ಆದರೂ ಅವಳಿಗಿಲ್ಲಿ ಮತವಿದೆ. ಕಾಮನ್‌ವೆಲ್ತ್ ದೇಶಗಳಿಂದ ಬಂದು ಕಾನೂನುಬದ್ಧವಾಗಿ ನೆಲೆಸಿದವರಿಗೆ ಈ ಹಕ್ಕು ಹಿಂದಿನಿಂದಲೂ ಇತ್ತು. 2020ರ ಕಾಯ್ದೆ ಅದನ್ನು ಬೇರೆ ದೇಶಗಳಿಂದ ಬಂದು ನೆಲೆಸಿದವರಿಗೂ ವಿಸ್ತರಿಸಿತು. ವಯಸ್ಸು 16 ತುಂಬಿದ್ದರೆ ಸಾಕು. ಶಾಲೆಯ ಟೈ ಸಡಿಲಿಸಿಕೊಂಡು ಬಂದ ಹುಡುಗನೊಬ್ಬ ಒಳಹೋಗಿ ಎರಡೇ ನಿಮಿಷದಲ್ಲಿ ಹೊರಬಂದ. ಅವನ ಮುಖದ ಗಾಂಭೀರ್ಯ ನೋಡಿ ನನಗೆ ಯಾಕೋ ಕಣ್ಣು ಒದ್ದೆಯಾಯಿತು. ಬೆಂಗಳೂರಿನಲ್ಲಿ ನಾನು ಪಾಲಿಕೆಗೆ ಕೊನೆಯ ಸಲ ಮತ ಹಾಕಿದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಆ ಸದಸ್ಯರ ಅವಧಿ ಮುಗಿಯಿತು. ನಾನು ವಿಮಾನ ಹತ್ತಿದಾಗ ನಮ್ಮ ವಾರ್ಡಿಗೆ ಸದಸ್ಯರಿಲ್ಲದೆ ಇಪ್ಪತ್ತು ತಿಂಗಳಾಗುತ್ತ ಬಂದಿತ್ತು.

ಮನೆಗೆ ನಡೆದು ಹೋಗುವಾಗ ಲೀತ್ ವಾಕ್ ರಸ್ತೆ ಉದ್ದಕ್ಕೂ ಅಗೆದಿತ್ತು. ನ್ಯೂಹೇವನ್‌ವರೆಗೆ ಟ್ರಾಮ್ ಹಳಿ ಹಾಕುವ ಕೆಲಸ. ಅವಳ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಸಿದ್ದ ಕರಪತ್ರಗಳಲ್ಲೂ ಅದೇ ಮಾತು: ಅಗೆದ ರಸ್ತೆ, ತುಂಬಿ ಚೆಲ್ಲುವ ಕಸದ ಡಬ್ಬಿ, ಬಾಡಿಗೆ, ಸೈಕಲ್ ದಾರಿ. ಬ್ರಿಟನ್ನಿನಿಂದ ಬೇರೆಯಾಗುವ ಸ್ವಾತಂತ್ರ್ಯದ ಪ್ರಶ್ನೆಯೂ ಒಂದು ಮೂಲೆಯಲ್ಲಿತ್ತು. ಸ್ಕಾಟ್ಲೆಂಡಿನಲ್ಲಿ ಅದಿಲ್ಲದೆ ಯಾವ ಚುನಾವಣೆಯೂ ನಡೆಯುವುದಿಲ್ಲವೇನೋ. ಆದರೆ ಕೌನ್ಸಿಲ್ಲಿನ ಕೈಯಲ್ಲಿರುವುದು ಶಾಲೆ, ರಸ್ತೆ, ಕಸ, ಗ್ರಂಥಾಲಯ, ವೃದ್ಧರ ಆರೈಕೆ, ಮನೆ ಕಟ್ಟುವ ಪರವಾನಗಿ. ಬದುಕು ದಿನವೂ ಮುಟ್ಟುವುದು ಇವನ್ನೇ.

“ನೀನು ಯಾರಿಗೆ ಹಾಕಿದೆ?” ಎಂದು ಕೇಳಬಾರದಿತ್ತು, ಕೇಳಿಬಿಟ್ಟೆ.

“ಐದು ಜನಕ್ಕೆ,” ಎಂದಳು.

ಈ ಪದ್ಧತಿಯ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು, ಏಕೆಂದರೆ ನನಗೆ ಇಡೀ ಪ್ರವಾಸದಲ್ಲಿ ಕೋಟೆ, ಸರೋವರಗಳಷ್ಟೇ ಇಷ್ಟವಾದದ್ದು ಇದು. 2007ರಿಂದ ಸ್ಕಾಟ್ಲೆಂಡಿನ ಕೌನ್ಸಿಲ್ ಚುನಾವಣೆಯಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಬರೆಯುತ್ತಾರೆ. ಪದವೀಧರ ಕ್ಷೇತ್ರಕ್ಕೆ ಮತ ಹಾಕಿದವರಿಗೆ ಇದು ಹೊಸದಲ್ಲ. 2018ರ ಜೂನ್‌ನಲ್ಲಿ ನನ್ನ ಕೈಗೂ ನೇರಳೆ ಬಣ್ಣದ ಪೆನ್ನು ಕೊಟ್ಟು ಪ್ರಾಶಸ್ತ್ಯದ ಅಂಕಿ ಬರೆಸಿದ್ದರು. ಆದರೆ ಅಲ್ಲಿ ಗೆಲ್ಲುವವರು ಒಬ್ಬರೇ. ಇಲ್ಲಿ ಹೆಚ್ಚಿನ ವಾರ್ಡುಗಳಿಗೆ ಮೂವರು ಅಥವಾ ನಾಲ್ವರು ಸದಸ್ಯರು. ನಾಲ್ಕು ಸ್ಥಾನದ ವಾರ್ಡಿನಲ್ಲಿ 5,000 ಮತ ಬಿದ್ದಿವೆ ಎನ್ನಿ. ಅದನ್ನು ಸ್ಥಾನಗಳಿಗಿಂತ ಒಂದು ಹೆಚ್ಚು, ಅಂದರೆ ಐದರಿಂದ ಭಾಗಿಸಿ ಒಂದು ಕೂಡಿಸಿದರೆ 1,001. ಅಷ್ಟು ಮುಟ್ಟಿದವರು ಗೆದ್ದರು. ಯಾರಿಗಾದರೂ 1,500 ಬಂದರೆ 499 ಹೆಚ್ಚಾಯಿತಲ್ಲ, ಅದು ದಂಡವಾಗುವುದಿಲ್ಲ. ಅವರ 1,500 ಚೀಟಿಗಳಲ್ಲಿ ಪ್ರತಿಯೊಂದೂ 0.33266 ಮತದ ಬೆಲೆ ಹೊತ್ತು ಮುಂದಿನ ಆಯ್ಕೆಯವರ ಕಡೆ ಹೋಗುತ್ತದೆ. ಎಲ್ಲರಿಗಿಂತ ಕಡಿಮೆ ಮತ ಬಂದವರು ಕಣದಿಂದ ಹೊರಬಿದ್ದಾಗ ಅವರ ಚೀಟಿಗಳೂ ಹಾಗೆಯೇ ಮುಂದಕ್ಕೆ. ದಶಮಾಂಶದ ಐದು ಸ್ಥಾನದವರೆಗೆ ಲೆಕ್ಕ! ಹಾಗಾಗಿ ಎಣಿಕೆ ಯಂತ್ರದ್ದು. ಚೀಟಿಗಳನ್ನು ಸ್ಕ್ಯಾನ್ ಮಾಡಿ ಮರುದಿನ ಫಲಿತಾಂಶ ಹೇಳುತ್ತಾರೆ.

ಒಂದು ಕುಂದೂ ಇದೆ. ಮತಪತ್ರದಲ್ಲಿ ಹೆಸರುಗಳು ಕುಲನಾಮದ ಅಕಾರಾದಿಯಲ್ಲಿರುತ್ತವೆ. ಒಂದೇ ಪಕ್ಷದ ಇಬ್ಬರಿದ್ದರೆ ಜನ ಮೇಲಿರುವವರಿಗೆ 1, ಕೆಳಗಿರುವವರಿಗೆ 2 ಎಂದು ಬರೆದುಬಿಡುತ್ತಾರೆ. ಸೋಲುವುದು ಹೆಚ್ಚಾಗಿ ಕೆಳಗಿನವರೇ. ಹುಟ್ಟಿದ ಮನೆಯ ಹೆಸರು ಸೋಲು ಗೆಲುವನ್ನು ತೂಗಬಾರದು. ಇದನ್ನು ಸರಿಪಡಿಸಲೇಬೇಕು.

ಮರುದಿನ ಬೆಳಿಗ್ಗೆ ಎಡಿನ್‌ಬರೊದ ವೇವರ್ಲಿ ನಿಲ್ದಾಣದಿಂದ ಇನ್ವರ್ನೆಸ್‌ಗೆ ರೈಲು. ಸ್ಕಾಟ್‌ರೈಲ್ ಸರ್ಕಾರದ ಕೈಗೆ ಬಂದು ಆಗಿನ್ನೂ ಐದು ವಾರ. 1890ರ ಫೋರ್ತ್ ಸೇತುವೆಯ ಕೆಂಪು ಉಕ್ಕಿನ ತೊಲೆಗಳು ಕಿಟಕಿಯಾಚೆ ಒಂದೊಂದಾಗಿ ಸರಿದವು. ಪರ್ತ್ ದಾಟಿದ ಮೇಲೆ ಬೆಟ್ಟ ಶುರು. ಇಳಿಜಾರುಗಳಲ್ಲೆಲ್ಲ ಗೋರ್ಸ್ ಮುಳ್ಳುಗಿಡ ಅರಿಶಿನ ಚೆಲ್ಲಿದಂತೆ ಹೂಬಿಟ್ಟಿತ್ತು. ಎದುರು ಸೀಟಿನ ಹೆಂಗಸು ಹೆಣಿಗೆ ಹಾಕುತ್ತಿದ್ದರು, ನಡುನಡುವೆ ಫೋನ್ ನೋಡಿ “ಅಯ್ಯೋ” ಎನ್ನುವಂಥ ಸದ್ದು ಮಾಡುತ್ತಿದ್ದರು. ಕೊನೆಗೆ ತಡೆಯಲಾರದೆ ಕೇಳಿದೆ. ಗ್ಲಾಸ್ಗೊದವರು, ನಿವೃತ್ತ ಶಿಕ್ಷಕಿ. ಅಲ್ಲಿಂದಾಚೆಗೆ ಇಬ್ಬರೂ ಸೇರಿಯೇ ಫಲಿತಾಂಶ ನೋಡಿದೆವು. ಸಿಗ್ನಲ್ ಹೋಗುತ್ತಿತ್ತು, ಬರುತ್ತಿತ್ತು. 452 ಮೀಟರ್ ಎತ್ತರದ ಡ್ರಮಾಖ್ಟರ್ ಕಣಿವೆಯಲ್ಲಿ ಪೂರ್ತಿ ನಿಂತುಹೋಯಿತು. ಹೊರಗೆ ಜಿಂಕೆಗಳ ಹಿಂಡು. ಅವರು ಹೆಣಿಗೆ ಕೆಳಗಿಟ್ಟು, ತಮ್ಮೂರಲ್ಲಿ ದಶಕಗಳ ಕಾಲ ಲೇಬರ್ ಪಕ್ಷ ಬಿಟ್ಟರೆ ಬೇರೆ ಇರಲಿಲ್ಲ, 2017ರಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಅದನ್ನು ಕಿತ್ತುಕೊಂಡಿತು, ಈ ಸಲ ಏನಾಗುವುದೋ ಎಂದರು.

ಆದದ್ದು ಇದು: ಗ್ಲಾಸ್ಗೊದ 85 ಸ್ಥಾನಗಳಲ್ಲಿ ನ್ಯಾಷನಲ್ ಪಾರ್ಟಿಗೆ 37, ಲೇಬರ್‌ಗೆ 36, ಗ್ರೀನ್ ಪಕ್ಷಕ್ಕೆ 10, ಕನ್ಸರ್ವೇಟಿವ್‌ಗೆ ಬರೀ 2. ಒಂದೇ ಸ್ಥಾನದ ಅಂತರ. ಇನ್ವರ್ನೆಸ್‌ನಲ್ಲಿ ಇಳಿದು ನದಿ ದಂಡೆಯ ಹೋಟೆಲಿನಲ್ಲಿ ಕೂತು ಉಳಿದದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ದೇಶದ ಒಟ್ಟು 1,226 ಸ್ಥಾನಗಳಲ್ಲಿ ನ್ಯಾಷನಲ್ ಪಾರ್ಟಿ 453, ಲೇಬರ್ 282, ಕನ್ಸರ್ವೇಟಿವ್ 214, ಲಿಬರಲ್ ಡೆಮಾಕ್ರಾಟ್ 87, ಗ್ರೀನ್ 35. ಪಕ್ಷೇತರರು ನೂರೈವತ್ತು ಮೀರಿದ್ದರು. ಲಂಡನ್ನಿನಲ್ಲಿ ಕನ್ಸರ್ವೇಟಿವ್ ಪಕ್ಷದ ಪ್ರಧಾನಿಯ ನಿವಾಸದಲ್ಲಿ ಲಾಕ್‌ಡೌನ್ ಹೊತ್ತಿನಲ್ಲಿ ನಡೆದ ಪಾರ್ಟಿಗಳ ಸಿಟ್ಟನ್ನು ಜನ ಇಲ್ಲಿ ತೀರಿಸಿಕೊಂಡಿದ್ದರು. ಕನ್ಸರ್ವೇಟಿವ್ ಪಕ್ಷ ಅರವತ್ತಕ್ಕೂ ಹೆಚ್ಚು ಸ್ಥಾನ ಕಳೆದುಕೊಂಡು ಮೂರನೆಯ ಜಾಗಕ್ಕೆ ಇಳಿದಿತ್ತು. ಒಂದೇ ಪಕ್ಷಕ್ಕೆ ಬಹುಮತ ಬಂದದ್ದು ಎರಡೇ ಕಡೆ: ಡಂಡೀಯಲ್ಲಿ ನ್ಯಾಷನಲ್ ಪಾರ್ಟಿಗೆ, ವೆಸ್ಟ್ ಡನ್‌ಬಾರ್ಟನ್‌ಶೈರ್‌ನಲ್ಲಿ ಲೇಬರ್‌ಗೆ.

ಪಟ್ಟಿಯ ತುದಿಯಲ್ಲಿ ಒಂದು ಹೆಸರು ನೋಡಿ ಕುತೂಹಲವಾಯಿತು: ದಿ ರಬ್ಬಿಷ್ ಪಾರ್ಟಿ. ಕಸದ ಪಕ್ಷ! ಈಸ್ಟ್ ಎರ್‌ಶೈರ್‌ನ ಅರ್ವಿನ್ ವ್ಯಾಲಿ ವಾರ್ಡಿನ ಸ್ಯಾಲಿ ಕಾಗ್ಲಿ ಎಂಬುವರು ಬೀದಿಯ ಕಸದ ವಿಷಯವನ್ನೇ ಹಿಡಿದು 2017ರಲ್ಲಿ ಗೆದ್ದವರು. ಈ ಸಲವೂ ಗೆದ್ದರು. ಹೆಸರು ತಮಾಷೆಯಾಗಿ ಕಂಡರೂ ನನಗೆ ಅವರ ಮೇಲೆ ಅಪಾರ ಗೌರವ ಮೂಡಿತು. ಕಸ ಸಣ್ಣ ವಿಷಯವೆಂದು ಬೆಂಗಳೂರಿನವಳಾದ ನಾನಂತೂ ಹೇಳಲಾರೆ.

ಶನಿವಾರ ಇನ್ವರ್ನೆಸ್‌ನಿಂದ ಕೈಲ್ ಆಫ್ ಲಾಖಾಲ್ಶ್‌ಗೆ ಪುಟ್ಟ ರೈಲು. ಎರಡೂವರೆ ಗಂಟೆ. ಸ್ಟ್ರಾತ್‌ಕ್ಯಾರನ್ ದಾಟಿದ ಮೇಲೆ ಹಳಿ ಕಡಲಿನ ಅಂಚನ್ನೇ ಹಿಡಿಯುತ್ತದೆ, ಕಿಟಕಿಯಿಂದ ಕೈ ಚಾಚಿದರೆ ನೀರು ಸಿಗುತ್ತದೇನೋ ಅನ್ನಿಸುವಷ್ಟು ಹತ್ತಿರ. ಇಷ್ಟು ದೂರವೂ ಒಂದೇ ಕೌನ್ಸಿಲ್ಲಿನ ಸರಹದ್ದು, ಹೈಲ್ಯಾಂಡ್ ಕೌನ್ಸಿಲ್. ಇಪ್ಪತ್ತೈದು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ನಮ್ಮ ಬೆಳಗಾವಿ ಜಿಲ್ಲೆಯ ಹೆಚ್ಚುಕಡಿಮೆ ಎರಡರಷ್ಟು. ಜನ ಮಾತ್ರ ಎರಡು ಲಕ್ಷ ಮೂವತ್ತೈದು ಸಾವಿರದ ಆಸುಪಾಸು. ಅಷ್ಟಕ್ಕೂ 74 ಸದಸ್ಯರು. ಹಿಂದಿನ ದಿನದ ಫಲಿತಾಂಶ: ನ್ಯಾಷನಲ್ ಪಾರ್ಟಿ 22, ಪಕ್ಷೇತರರು 21, ಲಿಬರಲ್ ಡೆಮಾಕ್ರಾಟ್ 15, ಕನ್ಸರ್ವೇಟಿವ್ 10, ಗ್ರೀನ್ 4, ಲೇಬರ್ 2.

ಕೈಲ್‌ನಿಂದ ಬಸ್ಸು ಸೇತುವೆ ಹತ್ತಿ ಸ್ಕೈ ದ್ವೀಪಕ್ಕೆ ಇಳಿಯಿತು. 1995ರ ಸೇತುವೆ ಇದು. ಸುಂಕ ತೆಗೆಯಲು ದ್ವೀಪದವರು ವರ್ಷಗಟ್ಟಲೆ ಹೋರಾಡಿ 2004ರ ಡಿಸೆಂಬರ್‌ನಲ್ಲಿ ಗೆದ್ದರು. ಕೂಲಿನ್ ಬೆಟ್ಟಗಳು ಮೋಡದೊಳಗಿದ್ದವು, ಅವುಗಳ ವರ್ಣನೆ ಸಾಕಷ್ಟು ಜನ ಮಾಡಿದ್ದಾರೆ. ನಾನು ನೋಡಹೋದದ್ದು ಪೋರ್ಟ್ರೀ ಊರಿನ ಒಂದು ಕಚೇರಿ ಕಟ್ಟಡವನ್ನು.

ಅದರ ಹೆಸರು ಟೈ ನ ಸ್ಗೀರ. ಗೇಲಿಕ್ ಭಾಷೆಯಲ್ಲಿ ಸೀಮೆಯ ಮನೆ ಎಂದರ್ಥ. ನಾನು ಸೀಮೆಮನೆ ಎಂದುಕೊಂಡೆ. 1975ರಿಂದ 1996ರವರೆಗೆ ಸ್ಕಾಟ್ಲೆಂಡಿನ ಮುಖ್ಯ ಭೂಭಾಗದಲ್ಲಿ ಆಡಳಿತ ಎರಡು ಹಂತದ್ದಾಗಿತ್ತು. ಮೇಲೆ 9 ಪ್ರಾಂತ್ಯಗಳು, ಕೆಳಗೆ 53 ಡಿಸ್ಟ್ರಿಕ್ಟ್‌ಗಳು. ಶಾಲೆ, ರಸ್ತೆ, ನೀರು ಪ್ರಾಂತ್ಯದ್ದು. ಮನೆ, ಕಸ, ಆಟದ ಮೈದಾನ ಡಿಸ್ಟ್ರಿಕ್ಟಿನದ್ದು. ಹೈಲ್ಯಾಂಡ್ ಪ್ರಾಂತ್ಯದ ಕೆಳಗೆ ಎಂಟು ಡಿಸ್ಟ್ರಿಕ್ಟ್‌ಗಳಿದ್ದವು, ಸ್ಕೈ ಮತ್ತು ಲಾಖಾಲ್ಶ್ ಅವುಗಳಲ್ಲೊಂದು. ಅದರ ಕೇಂದ್ರ ಪೋರ್ಟ್ರೀ, ಕಚೇರಿ ಈ ಸೀಮೆಮನೆ. ಕೊನೆಯ ಡಿಸ್ಟ್ರಿಕ್ಟ್ ಚುನಾವಣೆ ನಡೆದದ್ದು 1992ರ ಮೇ 7ರಂದು. 1996ರ ಏಪ್ರಿಲ್ 1ಕ್ಕೆ ಎರಡೂ ಹಂತ ರದ್ದಾಗಿ ಒಂದೇ ಹಂತದ ದೊಡ್ಡ ಕೌನ್ಸಿಲ್‌ಗಳು ಬಂದವು. ಎಂಟು ಸೀಮೆಗಳು ಕರಗಿ ಹೈಲ್ಯಾಂಡ್ ಒಂದಾಯಿತು.

ನಾನೂ ಅಕ್ಕನ ಮಗಳೂ ಉಳಿದಿದ್ದ ಮನೆಯ ಯಜಮಾನರು ಎಂಬತ್ತು ದಾಟಿದವರು. ಬೆಳಗಿನ ಗಂಜಿಗೆ (ಓಟ್ಸ್‌ನದು, ಉಪ್ಪು ಹಾಕಿದ್ದು) ಕೂತಾಗ ಚುನಾವಣೆಯ ಮಾತು ತೆಗೆದೆ. ಆ ಕಾಲದಲ್ಲಿ ಸದಸ್ಯರು ಯಾವ ಪಕ್ಷ ಎಂದು ಇಲ್ಲಿ ಯಾರೂ ಕೇಳುತ್ತಿರಲಿಲ್ಲವಂತೆ. ಯಾರ ಮಗ, ಯಾವ ಹಳ್ಳಿ, ಕುರಿ ಎಷ್ಟಿವೆ ಎಂಬುದೇ ಪರಿಚಯ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲೇ ಹಿಡಿದು ಕೇಳಬಹುದಿತ್ತು. ಈಗ ಸಭೆ ಎಂದರೆ ಇನ್ವರ್ನೆಸ್‌ಗೆ ಹೋಗಬೇಕು, ರಸ್ತೆಯಲ್ಲಿ ಎರಡೂವರೆ ಗಂಟೆ. ಅವರ ಮೊಮ್ಮಗಳಿಗೆ ದ್ವೀಪದಲ್ಲಿ ಮನೆ ಸಿಗುತ್ತಿಲ್ಲ. ಇರುವವೆಲ್ಲ ಪ್ರವಾಸಿಗರ ಬಾಡಿಗೆಗೆ ಹೋಗಿವೆ. ಪ್ರವಾಸಿಯಾಗಿ ಅವರ ಮೇಜಿನಲ್ಲಿ ಕೂತಿದ್ದ ನನಗೆ ತುತ್ತು ಇಳಿಯಲಿಲ್ಲ. ಅವರೇ ಗಮನಿಸಿ, “ನೀವು ಬಂದದ್ದು ಸಂತೋಷ. ಮನೆಯ ನಿರ್ಧಾರ ಇಲ್ಲಿ ಆಗಬೇಕು, ಅಷ್ಟೇ ನಾನು ಹೇಳುವುದು,” ಎಂದರು.

ಅವರ ಮಾತಿಗೆ ಅಪ್ಪ ನೆನಪಾದರು. 1987ರ ಜನವರಿಯಲ್ಲಿ ಅಪ್ಪ ಮಂಡಲ ಪಂಚಾಯಿತಿಗೆ ನಿಂತು ಗೆದ್ದಿದ್ದರು. ನಸುಕಿಗೇ ಜಗುಲಿಯ ಮೇಲೆ ನಾಲ್ಕಾರು ಜನ ಕೂತಿರುತ್ತಿದ್ದರು: ಬೋರ್‌ವೆಲ್ ಕೈಪಂಪು ಕೆಟ್ಟಿದೆ, ಜನತಾ ಮನೆಯ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದೆ. ಅಮ್ಮ ಬೈದುಕೊಂಡೇ ಎಲ್ಲರಿಗೂ ಕಾಫಿ ಕಾಸುತ್ತಿದ್ದಳು. ಅಪ್ಪನ ಕೈಯಿಂದ ಎಷ್ಟು ಕೆಲಸ ಆಯಿತೋ ಗೊತ್ತಿಲ್ಲ, ಆದರೆ ತಪ್ಪಿಸಿಕೊಳ್ಳಲು ಅವರಿಗೆ ಹಿತ್ತಲ ಬಾಗಿಲೂ ಇರಲಿಲ್ಲ. ಎಣಿಕೆಯ ಪದ್ಧತಿ ಎಷ್ಟೇ ನ್ಯಾಯವಾಗಿರಲಿ, ಐದು ದಶಮಾಂಶದವರೆಗೆ ಲೆಕ್ಕ ಹಾಕಿ ಆರಿಸಿದ ಸದಸ್ಯರು ಎರಡೂವರೆ ಗಂಟೆ ದೂರದಲ್ಲಿ ಕೂತರೆ ಆ ಜಗುಲಿ ಇಲ್ಲವಾಗುತ್ತದೆ. ಸ್ಕಾಟ್ಲೆಂಡ್ 1996ರಲ್ಲಿ ಕಳೆದುಕೊಂಡದ್ದು ಇದನ್ನೇ ಎಂದು ನಾನು ನಂಬುತ್ತೇನೆ. 2022ರಲ್ಲಿ ಮತ ಹಾಕಿದವರು ನೂರಕ್ಕೆ 45ರಷ್ಟು ಕೂಡ ಇರಲಿಲ್ಲ. ಅದಕ್ಕೂ ಈ ದೂರಕ್ಕೂ ನಂಟಿಲ್ಲವೆಂದು ಹೇಗೆ ಹೇಳಲಿ? ಓರ್ಕ್ನಿ, ಶೆಟ್‌ಲ್ಯಾಂಡ್, ಪಶ್ಚಿಮ ದ್ವೀಪಗಳು ತಮ್ಮದೇ ಕೌನ್ಸಿಲ್ ಉಳಿಸಿಕೊಂಡವು. ಅಲ್ಲಿ ಇಂದಿಗೂ ಪಕ್ಷೇತರರದೇ ಬಹುಮತ. ಸ್ಕೈ ದ್ವೀಪಕ್ಕೆ ಆ ಭಾಗ್ಯ ಸಿಗಲಿಲ್ಲ.

ಸೋಮವಾರ ಸೀಮೆಮನೆಗೆ ಹೋದೆವು. ಈಗ ಹೈಲ್ಯಾಂಡ್ ಕೌನ್ಸಿಲ್ಲಿನ ಕಚೇರಿ ಅದು. ಸಾಧಾರಣ ಕಟ್ಟಡ, ಫೋಟೊ ತೆಗೆಯುವಂಥದ್ದೇನಿಲ್ಲ. ಕಡಲ ಹಕ್ಕಿಗಳು ಕೂಗುತ್ತಿದ್ದವು. ಜನನ ನೋಂದಣಿಗೋ ಏನೋ ಕೂಸನ್ನೆತ್ತಿಕೊಂಡ ಯುವ ದಂಪತಿ ಒಳಹೋದರು. ಫಲಕದ ಮೇಲಿನ ಗೇಲಿಕ್ ಅಕ್ಷರಗಳನ್ನು ಅಕ್ಕನ ಮಗಳು ತಪ್ಪುತಪ್ಪಾಗಿ ಓದಿದಳು. ಹಿಂದೆ ಬರುತ್ತಿದ್ದ ಅಜ್ಜಿಯೊಬ್ಬರು ನಿಂತು, ಮೂರು ಸಲ ಹೇಳಿಸಿ ತಿದ್ದಿದರು.

ನಾನು ಬೆಂಗಳೂರಿಗೆ ಮರಳಿದ ಮೇಲೆ, ಮೇ ತಿಂಗಳ ಕೊನೆಯಲ್ಲಿ ಅವಳ ಫೋನ್ ಬಂತು. ಎಡಿನ್‌ಬರೊದ 63 ಸ್ಥಾನಗಳಲ್ಲಿ ಹೆಚ್ಚು ಗೆದ್ದದ್ದು ನ್ಯಾಷನಲ್ ಪಾರ್ಟಿ, 19. ಆದರೆ 13 ಇದ್ದ ಲೇಬರ್, ಲಿಬರಲ್ ಡೆಮಾಕ್ರಾಟ್ ಮತ್ತು ಕನ್ಸರ್ವೇಟಿವ್ ಸದಸ್ಯರ ಬೆಂಬಲದಿಂದ ಆಡಳಿತ ಹಿಡಿದಿತ್ತು. ಅವಳಿಗೆ ವಿಪರೀತ ಕೋಪ. ಅರ್ಧ ಗಂಟೆ ಅದನ್ನೇ ಹೇಳಿದಳು.

ಆಮೇಲೆ, “ಇನ್ನೊಂದು ವಿಷಯ ಚಿಕ್ಕಮ್ಮ,” ಎಂದಳು. “ನಮ್ ಬೀದಿ ಫುಟ್‌ಪಾತ್ ಬಗ್ಗೆ ವಾರ್ಡಿನ ನಾಲ್ಕೂ ಜನಕ್ಕೆ ಇಮೇಲ್ ಹಾಕಿದ್ದೆ. ಇಬ್ಬರು ಆಗ್ಲೇ ಉತ್ತರ ಬರ್ದಿದಾರೆ. ಒಬ್ರು ಶನಿವಾರ ಬಂದು ನೋಡ್ತಾರಂತೆ.”

“ಬಂದರೆ ಕಾಫಿ ಕೊಡು,” ಎಂದೆ.