ಮೊದಲು ಒಂದೇ ಡಿಸ್ಕ್ ಹಾಕಿ

ಮೂರು ವಾರ ಒಂದೊಂದೇ ಭಾಗ ತಂದು ಜೋಡಿಸಿದ ಕಂಪ್ಯೂಟರ್ ಶನಿವಾರ ಸಂಜೆ ಆನ್ ಆಯಿತು. ಫ್ಯಾನ್ ತಿರುಗಿತು, ಬಯೋಸ್ (ವಿಂಡೋಸ್‌ಗೂ ಮುಂಚೆ ಮದರ್‌ಬೋರ್ಡಿನಲ್ಲೇ ಓಡೋ ಪ್ರೋಗ್ರಾಂ) ಪರದೆ ಬಂತು, 32 ಜಿಬಿ ರ್‍ಯಾಮ್ ಪೂರ್ತಿ ಕಾಣಿಸಿತು. ಇನ್ನು ವಿಂಡೋಸ್ ಹಾಕಿದರೆ ಆಯ್ತು ಅಂದುಕೊಂಡೆ. ಎಲ್ಲ ಮುಗಿದಾಗ ಭಾನುವಾರ ರಾತ್ರಿ ಹನ್ನೊಂದು.

ಮೊದಲ ತಡೆ ನೆಟ್‌ವರ್ಕ್. ವಿಂಡೋಸ್ 11 ಇಂಟರ್ನೆಟ್ ಕೇಳುವ ಪುಟದಲ್ಲೇ ನಿಂತುಬಿಟ್ಟಿತು. ಕೇಬಲ್ ಚುಚ್ಚಿದ್ದೆ, ಪೋರ್ಟಿನ ದೀಪವೂ ಮಿನುಗುತ್ತಿತ್ತು. ಮದರ್‌ಬೋರ್ಡಿನ ಲ್ಯಾನ್ ಚಿಪ್ (ಕೇಬಲ್ ನೆಟ್ ನೋಡಿಕೊಳ್ಳೋದು) ಹೊಸದು, ಅದರ ಡ್ರೈವರ್, ಅಂದ್ರೆ ಆ ಚಿಪ್ ನಡೆಸಲು ವಿಂಡೋಸ್‌ಗೆ ಬೇಕಾದ ಸಾಫ್ಟ್‌ವೇರ್, ವಿಂಡೋಸ್ ಜೊತೆ ಬಂದಿರಲಿಲ್ಲ ಅಷ್ಟೇ. ಹಳೆ ಲ್ಯಾಪ್‌ಟಾಪಿನಲ್ಲಿ ಮದರ್‌ಬೋರ್ಡ್ ಕಂಪನಿಯ ಸೈಟ್ ತೆಗೆದು, ನಮ್ಮ ಮಾಡೆಲ್ ಹುಡುಕಿ, ಲ್ಯಾನ್ ಡ್ರೈವರನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡೆ. ಹೊಸ ಕಂಪ್ಯೂಟರಿನಲ್ಲಿ ಶಿಫ್ಟ್ ಹಿಡಿದು ಎಫ್10 ಒತ್ತಿದರೆ ಕಪ್ಪು ಕಮಾಂಡ್ ಕಿಟಕಿ ತೆರೆಯುತ್ತೆ. ಅಲ್ಲಿಂದ ಪೆನ್‌ಡ್ರೈವ್‌ನ ಸೆಟಪ್ ಫೈಲ್ ಓಡಿಸಿದೆ, ನೆಟ್ ಬಂತು. ಲ್ಯಾನ್, ವೈಫೈ ಡ್ರೈವರ್ ಎರಡನ್ನೂ ಮೊದಲೇ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಕೂತುಕೊಳ್ಳಿ.

ಉಳಿದ ಡ್ರೈವರ್‌ಗಳ ವಿಷಯ ಜಾಸ್ತಿ ಹೇಳೋದಿಲ್ಲ. ಮೊದಲು ಚಿಪ್‌ಸೆಟ್, ಆಮೇಲೆ ಗ್ರಾಫಿಕ್ಸ್, ಕೊನೆಗೆ ಸೌಂಡ್ ಹಾಕಿದೆ. ಆದರೂ ಕಂಪ್ಯೂಟರಿನ ಭಾಗಗಳ ಪಟ್ಟಿ ತೋರಿಸೋ ಡಿವೈಸ್ ಮ್ಯಾನೇಜರಿನಲ್ಲಿ ಒಂದು ಹಳದಿ ಗುರುತು ಉಳಿಯಿತು, ಹೆಸರು ‘ಅನ್‌ನೋನ್ ಡಿವೈಸ್’ ಅಂತ. ಅದರ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಅಂತ ಒಂದು ಟ್ಯಾಬ್ ಇದೆ, ಅಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ಸಾಮಾನ್ಯವಾಗಿ ತಯಾರಕರ ಸಂಖ್ಯೆ ಅದರಲ್ಲೇ ಇರುತ್ತೆ: 8086 ಅಂದ್ರೆ ಇಂಟೆಲ್, 1022 ಅಂದ್ರೆ ಎಎಂಡಿ, 10 ಆದ ಮೇಲೆ ಡಿ, ಇ ಬಂದರೆ ಎನ್‌ವಿಡಿಯಾ. ಯಾರ ಚಿಪ್ ಅಂತ ಗೊತ್ತಾದರೆ ಡ್ರೈವರ್ ಹುಡುಕೋದು ಸುಲಭ. ಎಲ್ಲ ಡ್ರೈವರನ್ನೂ ತಾನೇ ಹಾಕಿಕೊಡ್ತೀನಿ ಅನ್ನೋ ಸಾಫ್ಟ್‌ವೇರ್‌ಗಳನ್ನು ನಾನು ನಂಬೋದಿಲ್ಲ.

ನಿಜವಾದ ಪಾಡು ಡಿಸ್ಕಿನದ್ದು. 1 ಟಿಬಿಯ ಹೊಸ ಎನ್‌ವಿಎಂಇ ಎಸ್‌ಎಸ್‌ಡಿಯನ್ನು (ತಿರುಗೋ ಭಾಗವಿಲ್ಲದ ವೇಗದ ಡಿಸ್ಕ್) ಮದರ್‌ಬೋರ್ಡಿನ ಎಂ.2 ಸ್ಲಾಟಿಗೆ ಕೂರಿಸಿದ್ದೆ. ಜೊತೆಗೆ ಹಳೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೂಡ ಸಾಟಾ ಕೇಬಲಿಗೆ ಸೇರಿಸಿದ್ದೆ, ಹತ್ತು ವರ್ಷದ ಫೋಟೋಗಳು ಅದರಲ್ಲಿದ್ದವು. ವಿಂಡೋಸ್ ಹಾಕುವಾಗ ಎಸ್‌ಎಸ್‌ಡಿಯನ್ನೇ ಆರಿಸಿದೆ. ಎಲ್ಲ ಚೆನ್ನಾಗಿ ನಡೀತು. ಭಾನುವಾರ ಬೆಳಿಗ್ಗೆ ಕೇಬಲ್‌ಗಳನ್ನು ಓರಣ ಮಾಡೋಣ ಅಂತ ಹಳೆ ಡಿಸ್ಕ್ ಬಿಚ್ಚಿಟ್ಟು ಆನ್ ಮಾಡಿದರೆ, ವಿಂಡೋಸ್ ಇಲ್ಲ. ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ನೇರ ಬಯೋಸ್‌ಗೇ ಹೋಗುತ್ತೆ. ಎದೆ ಧಸಕ್ಕೆಂದಿತು. ಹೊಸ ಎಸ್‌ಎಸ್‌ಡಿ ಸತ್ತೇಹೋಯ್ತಾ?

ಹಳೆ ಡಿಸ್ಕ್ ಮತ್ತೆ ಸೇರಿಸಿದೆ. ತಕ್ಷಣ ವಿಂಡೋಸ್ ಬಂತು! ಡಿಸ್ಕ್‌ಗಳನ್ನು ಸಾಲುಸಾಲಾಗಿ ತೋರಿಸೋ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದಾಗ ಕಾರಣ ಕಣ್ಣೆದುರೇ ಇತ್ತು. ‘ಇಎಫ್‌ಐ ಸಿಸ್ಟಮ್ ಪಾರ್ಟಿಷನ್’ ಅನ್ನೋ 100 ಎಂಬಿಯ ಪುಟ್ಟ ಡಬ್ಬಿ ಹಳೆ ಡಿಸ್ಕಿನ ಸಾಲಿನಲ್ಲಿತ್ತು. ಎಸ್‌ಎಸ್‌ಡಿಯ ಸಾಲಿನಲ್ಲಿ ಸಿ ಡ್ರೈವ್ ಇತ್ತು, ಆ ಡಬ್ಬಿ ಇರಲಿಲ್ಲ. ಕಂಪ್ಯೂಟರ್ ಶುರುವಾಗಲು ಬೇಕಾದ ಬೂಟ್ ಫೈಲ್‌ಗಳು ಇರೋದೇ ಆ ಪಾರ್ಟಿಷನ್‌ನಲ್ಲಿ, ಅಂದ್ರೆ ಡಿಸ್ಕಿನ ಆ ಭಾಗದಲ್ಲಿ. ಹಳೆ ಡಿಸ್ಕಿನಲ್ಲಿ ಅದು ಮೊದಲಿಂದಲೂ ಇದ್ದಿದ್ದರಿಂದ ವಿಂಡೋಸ್ ಹೊಸದು ಮಾಡದೆ ಅದನ್ನೇ ಬಳಸಿಕೊಂಡಿದೆ. ಅಂದ್ರೆ, ಇವತ್ತೋ ನಾಳೆಯೋ ಕೈಕೊಡೋ ವಯಸ್ಸಿನ ಡಿಸ್ಕಿನ ಮೇಲೆ ನನ್ನ ಹೊಸ ಕಂಪ್ಯೂಟರ್ ನಿಂತಿತ್ತು.

ಕಮಾಂಡ್ ಕೊಟ್ಟು ಬೂಟ್ ಫೈಲ್‌ಗಳನ್ನು ಎಸ್‌ಎಸ್‌ಡಿಗೆ ತರಬಹುದು. ಆದರೆ ಒಳಗೆ ಇನ್ನೂ ನನ್ನದು ಅನ್ನೋದೇನೂ ಇರಲಿಲ್ಲ. ಹಳೆ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟು, ಎಸ್‌ಎಸ್‌ಡಿಯ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿ, ಮತ್ತೆ ಮೊದಲಿಂದ ಹಾಕಿದೆ. ಈ ಸಲ ಪೆನ್‌ಡ್ರೈವ್ ತಯಾರಿದ್ದಿದ್ದರಿಂದ ಡ್ರೈವರ್ ಸೇರಿ ಒಂದು ಗಂಟೆ ಹಿಡಿಯಿತು. ನೀವೂ ವಿಂಡೋಸ್ ಹಾಕುವಾಗ ಒಂದೇ ಒಂದು ಡಿಸ್ಕ್ ಇಟ್ಟುಕೊಳ್ಳಿ, ಮಿಕ್ಕಿದ್ದನ್ನು ಆಮೇಲೆ ಸೇರಿಸಿ.

ಫೋಟೋಗಳಿಗಂತ ತಂದ 4 ಟಿಬಿ ಡಿಸ್ಕನ್ನು ಸಂಜೆ ಹಾಕಿದೆ. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಕಾಣಲಿಲ್ಲ. ಗಾಬರಿ ಬೇಡ, ಹೊಸ ಡಿಸ್ಕ್ ಹಾಗೇನೇ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಡಿಸ್ಕಿನ ಭಾಗಗಳ ಲೆಕ್ಕ ಇಡೋಕೆ ಎಂಬಿಆರ್ ಬೇಕಾ ಜಿಪಿಟಿ ಬೇಕಾ ಅಂತ ಅದೇ ಕೇಳುತ್ತೆ. ಜಿಪಿಟಿ ಅನ್ನಿ. ಎಂಬಿಆರ್ ಲೆಕ್ಕ 2 ಟಿಬಿಗೇ ನಿಂತುಬಿಡುತ್ತೆ, ಉಳಿದ ಜಾಗ ಬಳಸೋಕೆ ಬರಲ್ಲ. ಫಾರ್ಮ್ಯಾಟ್ ಆದ ಮೇಲೆ 3.63 ಟಿಬಿ ಅಂತ ತೋರಿಸಿತು. ಮಿಕ್ಕಿದ್ದು ಕಳೆದುಹೋಗಿಲ್ಲ. ಡಿಸ್ಕ್ ಕಂಪನಿಗಳು 1000ದ ಲೆಕ್ಕ ಇಡ್ತಾರೆ, ವಿಂಡೋಸ್ 1024ರ ಲೆಕ್ಕ ಇಡುತ್ತೆ. 1 ಟಿಬಿ ಎಸ್‌ಎಸ್‌ಡಿ 931 ಜಿಬಿ ಅಂತ ಕಾಣೋದೂ ಅದಕ್ಕೇ.

ಹಳೆ ಡಿಸ್ಕಿನಿಂದ 600 ಜಿಬಿ ಫೋಟೋ ಕಾಪಿಯಾಗಲು ಒಂದೂವರೆ ಗಂಟೆ ಬೇಕಾಯಿತು. ಪಕ್ಕದಲ್ಲೇ ಕೂತು ಒಂದೊಂದೇ ಫೋಲ್ಡರ್ ತೆರೆದು ನೋಡಿದೆ, ಎಲ್ಲ ಇದ್ದವು. ಹಳೆ ಡಿಸ್ಕಿನಲ್ಲಿರೋದನ್ನು ಅಳಿಸಿಲ್ಲ. ಅದು ಎರಡನೇ ಪ್ರತಿ ಅಂತ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟಿದ್ದೀನಿ.